ಎಂಬತ್ತೆರಡು ಡಬ್ಬಿ

ಎರಡು ತಾಸಿನಲ್ಲಿ ನಾನು ಎಂಬತ್ತೆರಡು ಡಬ್ಬಿ ತುಂಬಿದೆ. ನಾನು ಮಾಡಿದ ತಪ್ಪು ಅದೇ.

ಯಾರೂ ನನ್ನ ಕುತ್ತಿಗೆ ಹಿಡಿದು ತುಂಬಿಸಲಿಲ್ಲ. ನಾನೇ ತುಂಬಿದೆ. ಹಲ್ಲು ಕಚ್ಚಿ ತುಂಬಿದೆ. ಹೊರಗೆ ಬಂದು ನಕ್ಕೆ ಕೂಡ.

ನನ್ನ ಹೆಸರು ಮಾರೆಪ್ಪ. ರಾಯಚೂರು ಕಡೆಯವನು. ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟವನು. ಶೆಡ್ಡು ಕಟ್ಟುವ ಗ್ಯಾಂಗಿನ ಜೊತೆ ದೆಹಲಿ ಹತ್ತಿರದ ಫರೀದಾಬಾದಿಗೆ ಬಂದವನು. ಕಬ್ಬಿಣದ ಕಂಬ ನಿಲ್ಲಿಸುವುದು, ತೊಲೆ ಏರಿಸುವುದು, ಮೇಲೆ ತಗಡು ಹೊದಿಸಿ ಸ್ಕ್ರೂ ಹೊಡೆಯುವುದು. ನನಗೆ ಗೊತ್ತಿರುವುದು ಇಷ್ಟೇ. ಇಷ್ಟು ಮಾತ್ರ ಚೆನ್ನಾಗಿ ಗೊತ್ತು.

ಅದು ಎರಡು ಸಾವಿರದ ಆರನೇ ಇಸವಿಯ ಜೂನ್ ತಿಂಗಳು. ಕರೆಂಟಿನ ಸ್ವಿಚ್ಚು ಮಾಡುವ ಒಂದು ಕಂಪನಿಗೆ ಎರಡು ಶೆಡ್ಡು ಕಟ್ಟುತ್ತಿದ್ದೆವು. ಒಂದು, ತಯಾರಾದ ಮಾಲು ಇಡುವ ಗೋದಾಮು. ಇನ್ನೊಂದು, ಸ್ವಿಚ್ಚುಗಳನ್ನು ರಟ್ಟಿನ ಡಬ್ಬಿಗೆ ತುಂಬುವ ಪ್ಯಾಕಿಂಗ್ ಹಾಲ್. ಪ್ಯಾಕಿಂಗಿನಲ್ಲಿ ನಲವತ್ತು ಹೆಂಗಸರು. ಅವರಲ್ಲಿ ಒಬ್ಬಳು ನನ್ನ ಅಕ್ಕ ಹುಲಿಗೆಮ್ಮ. ಹಿಂದಿನ ವರ್ಷ ಇದೇ ಕಂಪನಿಯ ಕೆಲಸಕ್ಕೆ ಗ್ಯಾಂಗಿನ ಜೊತೆ ಇಟ್ಟಿಗೆ ಹೊರಲು ಬಂದವಳನ್ನು, ಕೈ ಚುರುಕು ಅಂತ ನೋಡಿ ಕಂಪನಿಯವರು ಒಳಗೆ ತೆಗೆದುಕೊಂಡಿದ್ದರು.

ಹಳೆಯ ಪ್ಯಾಕಿಂಗ್ ಶೆಡ್ಡು ಬರೀ ತಗಡಿನದು. ಹಿಂದಿನ ವರ್ಷದ ಮೇ ತಿಂಗಳಲ್ಲಿ ಅಕ್ಕ ಅಲ್ಲಿ ಕೂತಲ್ಲೇ ಉರುಳಿದಳು. ಮುಖಕ್ಕೆ ನೀರು ಹೊಡೆದು ಎಬ್ಬಿಸಿದರು. ಕಣ್ಣು ಬಿಟ್ಟಳು. ಹೆಸರು ಕೇಳಿದರೆ ಒಂದು ತಾಸು ಹೇಳಲಿಲ್ಲ. ನನ್ನನ್ನು ನೋಡಿ "ಯಾರ್ರೀ ನೀವು" ಅಂದಳು. ಮರುದಿನ ಅದೇ ಜಾಗದಲ್ಲಿ ಕೂತು ಡಬ್ಬಿ ತುಂಬಿದಳು. ಆ ಬೇಸಿಗೆಯಲ್ಲಿ ಹನ್ನೊಂದು ಮಂದಿ ಹಾಗೆ ಬಿದ್ದರು. ಅದಕ್ಕೇ ಹೊಸ ಹಾಲ್‌ನ ತಗಡಿನ ಕೆಳಗೆ ಏನಾದರೂ ಹಾಕಬೇಕೇ, ಬೇಡವೇ ಎಂಬ ಮಾತು ಎದ್ದಿತು.

ಸ್ಯಾಂಪಲ್ಲುಗಳನ್ನು ಆಫೀಸಿಗೆ ಹೊತ್ತು ತಂದವನು ನಾನೇ. ಟೇಬಲ್ಲಿನ ಮೇಲೆ ನಾಲ್ಕು ತುಂಡು ಇಟ್ಟೆ. ಥರ್ಮಕೋಲು. ಗಾಳಿಗುಳ್ಳೆ ತುಂಬಿದ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ. ಎರಡು ತಗಡಿನ ನಡುವೆ ಗಟ್ಟಿ ನೊರೆ ಇರುವ ಪಫ್. ಕೊನೆಗೆ ಗ್ಲಾಸ್‌ವೂಲ್. ಅದಕ್ಕೆ ನಾವು ಗಾಜಿನ ಹತ್ತಿ ಅನ್ನುತ್ತೇವೆ. ನೋಡಲು ಹಳದಿ ಹಾಸಿಗೆ. ಮುಟ್ಟಿದರೆ ಮೂರು ದಿನ ತುರಿಕೆ. ತೋಳಿಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು, ಬಾಯಿಗೆ ಟವೆಲ್ ಕಟ್ಟಿಕೊಂಡು ಬರಿಗೈಯಲ್ಲಿ ಹಾಸುತ್ತೇವೆ. ಕಣ್ಣಿಗೆ ಕಾಣದ ಗಾಜು ಕಂಕುಳಿಗೆ ಇಳಿಯುತ್ತದೆ. ರೆಪ್ಪೆಯ ಸಂದಿಗೆ ಹೋಗುತ್ತದೆ. ನೋಯ್ಡಾದ ಒಂದು ಕಾರ್ ಶೋರೂಮಿಗೆ ಹದಿನಾರು ದಿನ ಹಾಸಿದ್ದೇನೆ. ಕಾರುಗಳು ತಣ್ಣಗಿವೆ.

ಟೇಬಲ್ಲಿನ ಆಚೆ ಕೂತವನು ಮ್ಯಾನೇಜರ್ ಖುರಾನಾ. ಪಕ್ಕದಲ್ಲಿ ನಿಂತವರು ಇಂಜಿನಿಯರ್ ಗೋಪಿನಾಥ. ನಮ್ಮವರು, ಮೈಸೂರಿನವರು.

"ಥರ್ಮಕೋಲ್ ಬೇಡ. ಇಲಿ ಕಡಿಯುತ್ತೆ, ಬೆಂಕಿ ಹಿಡಿಯುತ್ತೆ," ಖುರಾನಾ ಹಿಂದಿಯಲ್ಲಿ ಅಂದ. "ಪಫ್ ಬೇಡ. ನಾವೇನು ಕುಲ್ಫಿ ಮಾರ್ತೀವಾ? ಗೋದಾಮಿಗೆ ಏನು ಬೇಕು ಹೇಳಿ."

"ಲೇಬಲ್ಲಿನ ಗೋಂದು ನಲವತ್ತೆರಡು ಡಿಗ್ರಿ ಮೇಲೆ ಹೋದ್ರೆ ಬಿಡುತ್ತೆ ಸರ್. ಗ್ಲಾಸ್‌ವೂಲ್ ಹಾಕಲೇಬೇಕು," ಅಂದರು ಗೋಪಿನಾಥ ಸಾರ್.

"ಅಚ್ಛಾ, ಹಾಕಿ. ಪ್ಯಾಕಿಂಗಿಗೆ?"

"ಅಲ್ಲಿ ಲೇಬಲ್ ಜಾಸ್ತಿ ಹೊತ್ತು ಇರಲ್ಲ ಸರ್."

"ಹಾಗಾದರೆ ಅಲ್ಲಿ ಬೇಕಾ?"

ಲೇಬಲ್ಲು ಅಲ್ಲಿ ಹತ್ತು ನಿಮಿಷ ಇರುತ್ತದೆ. ಹೆಂಗಸರು ಹತ್ತು ತಾಸು ಇರುತ್ತಾರೆ. ಹೆಂಗಸರಿಗೆ ಗೋಂದು ಹಚ್ಚಿಲ್ಲ. ನಾನು ಬಾಗಿಲ ಹತ್ತಿರ ನಿಂತು ಮೊಣಕೈ ಕೆರೆದುಕೊಳ್ಳುತ್ತಿದ್ದೆ.

ಅದನ್ನು ತಿಳಿಯಲು ಒಂದು ಉಪಾಯ ಹೇಳಿದ್ದು ಗೋಪಿನಾಥ ಸಾರ್. ಅಂಗಳದಲ್ಲಿ ಮೂರು ಸಣ್ಣ ಕ್ಯಾಬಿನ್ನು ಕಟ್ಟಿಸೋಣ. ಒಂದಕ್ಕೆ ಗಾಜಿನ ಹತ್ತಿ, ಒಂದಕ್ಕೆ ಫಾಯಿಲ್, ಒಂದು ಬರೀ ತಗಡು. ಮೂರರಲ್ಲೂ ಒಬ್ಬೊಬ್ಬರನ್ನು ಕೂರಿಸಿ, ಬಾಗಿಲು ಹಾಕಿ, ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಡಬ್ಬಿ ತುಂಬಿಸೋಣ. ಮೂರು ದಿನ. ಎಷ್ಟು ಡಬ್ಬಿ ಆಯಿತು ಅಂತ ಬರೆದು ದೆಹಲಿಯ ಕರೋಲ್ ಬಾಗಿನ ಹೆಡ್ ಆಫೀಸಿಗೆ ಕಳಿಸೋಣ. ತಗಡಿನಲ್ಲಿ ಕೂತವನ ಡಬ್ಬಿ ಕಡಿಮೆಯಾದರೆ ಏನಾದರೂ ಹಾಕೋಣ. ಕಡಿಮೆಯಾಗದಿದ್ದರೆ ಬೇಕಿಲ್ಲ.

"ಥರ್ಮಾಮೀಟರ್ ಇಟ್ಟರೆ ಸಾಲದಾ?" ಖುರಾನಾ ಕೇಳಿದ.

"ಅದು ಬರೀ ಡಿಗ್ರಿ ಹೇಳುತ್ತೆ ಸರ್. ಹೆಡ್ ಆಫೀಸಿನವರು ಪ್ರೊಡಕ್ಷನ್ ಕೇಳ್ತಾರೆ."

ಆ ಮೂರು ಕ್ಯಾಬಿನ್ನು ಕಟ್ಟಿದವರೂ ನಾವೇ. ಒಂದಕ್ಕೆ ಗಾಜಿನ ಹತ್ತಿ ಹಾಸಿದವನು ನಾನು. ಯಾರು ಎಲ್ಲಿ ಕೂರಬೇಕು ಅಂತ ಹಂಚಿದವನು ನಮ್ಮ ಮೇಸ್ತ್ರಿ ದೇವೇಂದ್ರಪ್ಪ. ಮೇಸ್ತ್ರಿ ನಮ್ಮ ಕಡೆಯವನೇ, ಆದರೆ ನಮ್ಮ ಜನ ಅಲ್ಲ. ಅವನ ನೀರಿನ ಕೊಡ ಬೇರೆ. ಎರಡು ದಿನ ರೈಲಿನಲ್ಲಿ ಬಂದರೂ ಆ ಕೊಡ ಬೇರೆಯಾಗಿಯೇ ಬಂದಿತ್ತು.

"ಹತ್ತಿದು ನನಗಿರಲಿ, ನನಗ ವಯಸ್ಸಾಗ್ಯಾದ," ಮೇಸ್ತ್ರಿ ಅಂದ. "ಫಾಯಿಲ್ ಈ ಬಿಹಾರಿ ಸೂರಜಗ. ತಗಡು ನಮ್ಮ ಮಾರ್ಯಾಗ."

"ಯಾಕ್ರಿ, ನನಗೇ ಯಾಕ?" ಅಂದೆ.

"ಲೇ, ನಿಮ್ಮ ಮಂದಿ ಹುಟ್ಟಿದಾಗಿಂದ ಬಿಸಲಾಗೇ ಅಲ್ಲೇನಲೇ ನಿಂತಿದ್ದು? ನಮ್ಮ ಮನಿ ಮುಂದ ನಿಮ್ಮಪ್ಪ ಚಪ್ಪಲಿ ಕೈಯಾಗ ಹಿಡಕೊಂಡು ಅರ್ಧ ದಿನ ನಿಲ್ತಿದ್ದ. ಒಂದ್ ದಿನಾನೂ ಬಿದ್ದಿಲ್ಲ."

ನಗು ಎದ್ದಿತು. ಸೂರಜನಿಗೆ ಮಾತು ತಿಳಿಯಲಿಲ್ಲ, ಎಲ್ಲರೂ ನಕ್ಕರು ಅಂತ ಅವನೂ ನಕ್ಕ.

ಗೋಪಿನಾಥ ಸಾರ್ ನಗಲಿಲ್ಲ. ಅವರು ಒಳ್ಳೆಯವರು. ಪುಸ್ತಕ ತೆಗೆದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನಿಮ್ಮದು ಯಾವ ಪೈಕಿ ಅಪ್ಪಾ?"

ಹೇಳಿದೆ.

"ಛೆ ಛೆ, ಅದಕ್ಕಲ್ಲ ಕೇಳಿದ್ದು," ಅಂದರು. ಯಾವುದಕ್ಕೆ ಅಂತ ಹೇಳಲಿಲ್ಲ. ನನ್ನ ಹೆಸರಿನ ಮುಂದೆ ಏನೋ ಬರೆದರು. ನಾನು ಅಕ್ಷರ ಕೂಡಿಸಿ ಓದಿದೆ. ರಾಯಚೂರು, ಬಿಸಿಲಿನ ಅಭ್ಯಾಸ ಇದೆ ಅಂತ ಇತ್ತು.

ಮೊದಲ ದಿನ.

ಬಾಗಿಲು ಹಾಕಿದರು. ಒಳಗೆ ಒಂದು ಟೇಬಲ್ಲು, ಒಂದು ಸ್ಟೂಲು, ಸ್ವಿಚ್ಚಿನ ಚೀಲ, ಮಡಚಿದ ಡಬ್ಬಿಗಳ ಕಟ್ಟು, ಒಂದು ಬಾಟಲಿ ನೀರು. ಗೋಡೆಗೆ ಥರ್ಮಾಮೀಟರು. ಒಂದು ಡಬ್ಬಿಗೆ ಹನ್ನೆರಡು ಸ್ವಿಚ್ಚು. ಮುಚ್ಚಳ ಒತ್ತಿದರೆ ಟಪ್ ಅನ್ನುತ್ತದೆ. ಟಪ್ ಅಂದರೆ ಒಂದು.

ಮೊದಲ ಅರ್ಧ ತಾಸು ಬೆವರು. ಬೆವರು ಅಂದರೆ ಅಂತಿಂಥದ್ದಲ್ಲ. ಮೂಗಿನ ತುದಿಯಿಂದ ಡಬ್ಬಿಯ ಮೇಲೆ ಬೀಳುತ್ತದೆ. ಬಿದ್ದ ಡಬ್ಬಿ ಮೆತ್ತಗಾಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ತಲೆ ಹಿಂದಕ್ಕೆ ಎತ್ತಿ, ಕೈ ಮಾತ್ರ ಮುಂದೆ ಚಾಚಿ ತುಂಬಿದೆ. ತಲೆಯ ಮೇಲೆ ತಗಡು ಕಾದು ಟಿಕ್ ಟಿಕ್ ಅನ್ನುತ್ತಿತ್ತು. ನಾನೇ ಹೊಡೆದ ಸ್ಕ್ರೂಗಳು. ಒಂದು ಸಲ ಗೋಡೆಗೆ ಭುಜ ತಾಗಿತು. ಅಂಗಿಯ ಮೇಲಿಂದಲೇ ಚುರ್ ಅಂದಿತು.

ಥರ್ಮಾಮೀಟರು ಐವತ್ತೆರಡು ತೋರಿಸಿತು. ಆಮೇಲೆ ನಾನು ನೋಡಲಿಲ್ಲ.

ಎರಡನೇ ತಾಸಿನಲ್ಲಿ ಬೆವರು ನಿಂತಿತು. ಒಳ್ಳೆಯದಾಯಿತು ಅಂದುಕೊಂಡೆ. ಚರ್ಮ ಒಣಗಿ ಕಾಗದದಂತಾಯಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಕಿವಿಯಲ್ಲಿ ಮಿಷಿನ್ನು ಓಡುತ್ತಿತ್ತು. ಕೈ ನನ್ನದು ಅನ್ನಿಸಲಿಲ್ಲ. ಯಾರದೋ ಎರಡು ಕೈ ನನ್ನ ಮುಂದೆ ಡಬ್ಬಿ ತುಂಬುತ್ತಿದ್ದವು. ನಾನು ಎಣಿಸುತ್ತಿದ್ದೆ. ಒಂದೇ ಮಾತು ತಲೆಯಲ್ಲಿ. ಮೇಸ್ತ್ರಿಗಿಂತ ಒಂದಾದರೂ ಹೆಚ್ಚು ತುಂಬಬೇಕು. ಹತ್ತಿ ಹಾಸಿದ ತಂಪಿನಲ್ಲಿ ಕೂತ ಆ ಮುದುಕನಿಗಿಂತ ಒಂದು ಹೆಚ್ಚು. ನಮ್ಮಪ್ಪ ಬೀಳಲಿಲ್ಲ ಅಂದನಲ್ಲ. ನಾನೂ ಬೀಳುವುದಿಲ್ಲ, ನೋಡು.

ಬಾಗಿಲು ತೆರೆದಾಗ ಬೆಳಕು ಬಿಳಿಯಾಗಿತ್ತು. ಮೇಸ್ತ್ರಿ ಎಂಬತ್ತು. ಸೂರಜ ಎಪ್ಪತ್ತೊಂಬತ್ತು. ನಾನು ಎಂಬತ್ತೆರಡು.

"ವಾಹ್!" ಅಂದ ಖುರಾನಾ. ಬೆನ್ನು ತಟ್ಟಲು ಬಂದ ಕೈಯನ್ನು ಅಂಗಿ ನೋಡಿ ಹಿಂದಕ್ಕೆ ತೆಗೆದುಕೊಂಡ. "ಶೇರ್ ಹೈ ಯೇ ತೋ!" ನಾನು ಸಿಂಹವಂತೆ.

ನಾನು ಮೇಸ್ತ್ರಿಯ ಮುಖ ನೋಡಿ ನಕ್ಕೆ. ಮೇಸ್ತ್ರಿ ಉಗುಳಿ ಆಚೆ ಹೋದ. ಗೆದ್ದೆ ಅಂದುಕೊಂಡೆ. ಕ್ಯಾಬಿನ್ನಿನ ಹಿಂದೆ ಹೋಗಿ ವಾಂತಿ ಮಾಡಿದೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರು ಬಂತು.

ಗೋಪಿನಾಥ ಸಾರ್ ನಿಂಬೆಹಣ್ಣಿನ ಶರಬತ್ತು ತರಿಸಿಕೊಟ್ಟರು. "ಶಭಾಷ್ ಕಣೋ ಮಾರೆಪ್ಪ. ನಿನ್ನಿಂದ ಕಂಪನಿಗೆ ದೊಡ್ಡ ಉಪಕಾರ ಆಯ್ತು. ಇನ್ನೆರಡು ದಿನ ಹೀಗೇ ಬಂದ್ರೆ ಹಾಲ್‌ಗೆ ಏನೂ ಹಾಕೋ ಹಾಗಿಲ್ಲ."

"ಅಂದ್ರ ಸಾರ್?"

"ಅಂದ್ರೆ ಬರೀ ತಗಡು ಸಾಕು. ನೀನೇ ತೋರಿಸಿಕೊಟ್ಟೆಯಲ್ಲ, ತಗಡಿನ ಕೆಳಗೂ ಕೆಲಸ ಕಡಿಮೆ ಆಗಲ್ಲ ಅಂತ."

ಶರಬತ್ತಿನ ಲೋಟ ಕೆಳಗಿಟ್ಟೆ. ಎರಡು ದಿನದ ಹಿಂದೆ ಅದೇ ಮಾತನ್ನು ಆಫೀಸಿನಲ್ಲಿ ನಾನೇ ನಿಂತು ಕೇಳಿದ್ದೆ. ಕಿವಿಯಲ್ಲಿ ಕೇಳಿದ್ದೆ, ತಲೆಗೆ ಹೋಗಿರಲಿಲ್ಲ. ತಲೆಯಲ್ಲಿ ಮೇಸ್ತ್ರಿ ಇದ್ದ.

ಸಂಜೆ ಅಕ್ಕ ಕೆಲಸ ಮುಗಿಸಿ ಬಂದು ಸ್ಟೋವ್ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ತುಂಬಿದಿ?"

"ಎಂಬತ್ತೆರಡು."

"ಅಷ್ಟೇನಾ? ನಾ ತೊಂಬತ್ತು ತುಂಬತೀನಿ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ರೊಟ್ಟಿ ಹಂಚಿನ ಮೇಲೆ ಹಾಕಿದಳು.

"ಎರಡು ತಾಸಿಗೆ ಹ್ಯಾಂಗಾತು ನಿನಗ?"

"ವಾಂತಿ ಆತು."

"ಅವರ ಮುಂದ ಮಾಡಿದೇನು?"

"ಇಲ್ಲ. ಹಿಂದ ಹೋಗಿ ಮಾಡಿದೆ."

"ಅದೇ ನೋಡು," ಅಂದಳು. "ನಾವೂ ಹಂಗ. ಬೀಳೋವರಿಗೂ ಯಾರೂ ಹೇಳಂಗಿಲ್ಲ. ಬಿದ್ದ ಮ್ಯಾಲ ಎದ್ದು ತುಂಬತೀವಿ. ಬಿದ್ದಿದ್ದು ಅವರು ಬರಿಯಂಗಿಲ್ಲ. ತುಂಬಿದ್ದು ಬರೀತಾರ. ನೀ ಗಂಡಸ್ತನ ತೋರಿಸಾಕ ಹೋದಿ ತಮ್ಮಾ. ನಲವತ್ತು ಮಂದಿ ನೆತ್ತಿ ಮ್ಯಾಲ ತಗಡು ಹಾಕಿಸಿದಿ."

ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ. ರೊಟ್ಟಿ ತಾಟಿಗೆ ಹಾಕಿ ಮುಂದಕ್ಕೆ ತಳ್ಳಿದಳು. ತಿಂದೆ. ರುಚಿ ಹತ್ತಲಿಲ್ಲ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಬಂದಿದ್ದರೆ ಏನಾದರೂ ಒಡೆಯುತ್ತಿದ್ದೆ.

ಎರಡನೇ ದಿನ ಹನ್ನೆರಡಕ್ಕೆ ಕ್ಯಾಬಿನ್ನಿಗೆ ಹೋದೆ. ಬಾಗಿಲು ಹಾಕಿದರು. ಸ್ಟೂಲಿನ ಮೇಲೆ ಕೂತೆ. ಎರಡೂ ಕೈ ತೊಡೆಯ ಮೇಲೆ ಇಟ್ಟೆ.

ಅಷ್ಟೇ. ಬೇರೆ ಏನೂ ಮಾಡಲಿಲ್ಲ.

ಕೆಲಸ ಮಾಡುವಾಗ ಕೈ ಇತ್ತು, ಎಣಿಕೆ ಇತ್ತು. ಸುಮ್ಮನೆ ಕೂತರೆ ಬಿಸಿ ಮಾತ್ರ ಇರುತ್ತದೆ. ಕೈ ತಾನಾಗೇ ಡಬ್ಬಿಯ ಕಡೆಗೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಖಾಲಿ ಕೂತು ಗೊತ್ತಿಲ್ಲದ ಕೈ. ಮಂಡಿಯ ಸಂದಿಗೆ ಸಿಕ್ಕಿಸಿ ಹಿಡಿದೆ.

ಅರ್ಧ ತಾಸಿಗೆ ಬಾಗಿಲು ತೆರೆಯಿತು. ಸದ್ದು ಬರಲಿಲ್ಲ ಅಂತ ಗೋಪಿನಾಥ ಸಾರ್ ಓಡಿ ಬಂದಿದ್ದರು.

"ಮಾರೆಪ್ಪ! ತಲೆ ಸುತ್ತುತ್ತಾ? ಎಚ್ಚರ ಇದೆಯಾ?"

"ಅದ ಸಾರ್."

"ಮತ್ತೆ? ಎಷ್ಟಾಯ್ತು?"

"ಸೊನ್ನಿ."

"ಸೊನ್ನೆ? ಯಾಕೆ, ಕೈ ನೋವಾ?"

"ಕೈ ಚಲೋ ಅದಾವ ಸಾರ್. ನಾ ತುಂಬಂಗಿಲ್ಲ. ಸೊನ್ನಿ ಬರ್ಕೊಳ್ರಿ."

ಅವರು ಹಿಂದೆ ತಿರುಗಿ ಖುರಾನಾ ಬರುತ್ತಿದ್ದಾನಾ ಅಂತ ನೋಡಿದರು. ಆಮೇಲೆ ಬಗ್ಗಿ ಪಿಸುಮಾತಿನಲ್ಲಿ ಅಂದರು. "ನೋಡು, ಮೂರು ದಿನದ ಅಂಕಿ ಬೇಕು. ತಗಡಿನ ಅಂಕಿ ಇಲ್ಲದೆ ಹೆಡ್ ಆಫೀಸು ತಗಡು ಒಪ್ಪಲ್ಲ. ಈ ಪರೀಕ್ಷೆ ನಾನು ಹೇಳಿದ್ದು. ನನ್ನ ಮರ್ಯಾದೆ ಪ್ರಶ್ನೆ ಕಣೋ. ಇಷ್ಟು ದೂರ ಬಂದು ಕನ್ನಡದವರು ಕನ್ನಡದವರಿಗೆ ಹೀಗೆ ಮಾಡಬಾರದು."

"ಹಂಗಾರ ನೀವು ಕುಂದ್ರಿ ಸಾರ್," ಅಂದೆ. ಸ್ಟೂಲಿನಿಂದ ಎದ್ದೆ. "ನೀವೂ ಕನ್ನಡದವರೇ ಅಲ್ಲಾ. ಒಂದೂವರಿ ತಾಸು ಉಳದದ."

ಅವರು ಸ್ಟೂಲು ನೋಡಿದರು. ಹೊಸಿಲು ದಾಟಿ ಒಂದು ಕಾಲು ಒಳಗೆ ಇಟ್ಟಿದ್ದರು. ಆ ಕಾಲನ್ನು ಹೊರಗೆ ತೆಗೆದುಕೊಂಡರು.

ಖುರಾನಾ ಬಂದ. ಗೋಪಿನಾಥ ಸಾರ್ ಹಿಂದಿಯಲ್ಲಿ ಹೇಳಿದರು. ಖುರಾನಾ ನನ್ನನ್ನು ಬಯ್ಯಲಿಲ್ಲ, ಹೊಡೆಯಲೂ ಇಲ್ಲ. ಮೇಸ್ತ್ರಿಯ ಕ್ಯಾಬಿನ್ನಿನ ಬಾಗಿಲು ತಟ್ಟಿ ಕೇಳಿದ. "ಇವನವರು ಯಾರಾದರೂ ಇದ್ದಾರಾ ಇಲ್ಲಿ?"

ಮೇಸ್ತ್ರಿ ತನ್ನ ಕ್ಯಾಬಿನ್ನಿನ ಬಾಗಿಲಿನಿಂದ ತಲೆ ಹೊರಹಾಕಿ ಅಂದ. "ಇವನ ಬೆಹನ್ ಇದ್ದಾಳೆ ಸಾಬ್. ಪ್ಯಾಕಿಂಗಿನಲ್ಲಿ."

ಅಕ್ಕನನ್ನು ಕರೆಸಿದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಹಳೇ ಶೆಡ್ಡಿನ ಬಾಗಿಲಲ್ಲಿ ಉಳಿದ ಹೆಂಗಸರು ಗುಂಪಾಗಿ ನಿಂತರು.

"ತಮ್ಮನಿಗೆ ಸೊಕ್ಕು ಬಂದಿದೆ," ಖುರಾನಾ ಅಂದ. "ಅವನ ಜಾಗದಲ್ಲಿ ನೀನು ಕೂರು. ಎರಡು ತಾಸು. ಇಲ್ಲದಿದ್ದರೆ ನಾಳೆಯಿಂದ ಗೇಟಿಗೆ ಬರಬೇಡ. ಸಮ್ಝೀ?"

"ಬೈಠೂಂಗೀ ಸಾಬ್," ಕೂರುತ್ತೇನೆ ಅಂದಳು ಅಕ್ಕ.

"ಅಕ್ಕಾ, ಬ್ಯಾಡ," ಅಂದೆ. ಹಿಂದಿನ ವರ್ಷ ಬಿದ್ದವಳು ಅಂತ ಗೋಪಿನಾಥ ಸಾರ್‌ಗೆ ಹೇಳಿದೆ. ಅವರು ಪುಸ್ತಕದ ಹಾಳೆ ತಿರುವಿದರು. ಅದರಲ್ಲಿ ಅದು ಬರೆದಿರಲಿಲ್ಲ.

ಅಕ್ಕ ನನ್ನ ಮುಖ ನೋಡಲಿಲ್ಲ. ಒಳಗೆ ಹೋದಳು. ಸ್ಟೂಲು ಎಳೆದುಕೊಂಡ ಸದ್ದು ಕೇಳಿತು. ಬಾಗಿಲು ಹಾಕಿದರು. ಖುರಾನಾ ಗಡಿಯಾರ ನೋಡಿ ಅಂದ. "ಈಗಿನಿಂದ."

ಪಕ್ಕದ ಎರಡು ಕ್ಯಾಬಿನ್ನುಗಳಿಂದ ಟಪ್ ಟಪ್ ಬರುತ್ತಿತ್ತು. ಮೇಸ್ತ್ರಿ ತುಂಬುತ್ತಿದ್ದ. ಸೂರಜ ತುಂಬುತ್ತಿದ್ದ. ನಡುವಿನ ತಗಡಿನ ಕ್ಯಾಬಿನ್ನಿಗೆ ಕಿವಿ ಕೊಟ್ಟೆ. ಅವಳು ತುಂಬಲಿ, ನನಗೇನೂ ಬೇಸರವಿಲ್ಲ ಅಂದುಕೊಂಡೆ. ತುಂಬಿದರೆ ಅವಳ ಕೆಲಸ ಉಳಿಯುತ್ತದೆ. ಅವಳು ತುಂಬಿದರೆ ತೊಂಬತ್ತು. ತೊಂಬತ್ತು ಬಂದರೆ ತಗಡೇ ಗಟ್ಟಿ. ಎರಡೂ ನನಗೆ ಗೊತ್ತಿತ್ತು. ಯಾವುದು ಆಗಲಿ ಅಂತ ಬೇಡಿಕೊಳ್ಳಬೇಕೋ ಗೊತ್ತಾಗಲಿಲ್ಲ.

ಐದು ನಿಮಿಷ. ಹತ್ತು ನಿಮಿಷ. ನಡುವಿನಿಂದ ಸದ್ದಿಲ್ಲ.

ಗೋಪಿನಾಥ ಸಾರ್ ಕ್ಯಾಬಿನ್ನಿನ ಸುತ್ತ ಒಂದು ಸುತ್ತು ಬಂದರು. ಖುರಾನಾ ಕಾಗದದಲ್ಲಿ ಗಾಳಿ ಬೀಸಿಕೊಳ್ಳುತ್ತ ನೆರಳಿಗೆ ಸರಿದ. ಶೆಡ್ಡಿನ ಬಾಗಿಲಲ್ಲಿ ನಿಂತ ಹೆಂಗಸರನ್ನು ಒಳಗೆ ಹೋಗಿ ಅಂತ ಗದರಿಸಿದ. ಯಾರೂ ಹೋಗಲಿಲ್ಲ.

ಅರ್ಧ ತಾಸು. ಸದ್ದಿಲ್ಲ.

"ಸರ್, ಒಂದು ಸಲ ನೋಡೋಣ," ಗೋಪಿನಾಥ ಸಾರ್ ಅಂದರು.

"ಎರಡು ತಾಸು ಅಂದಿದ್ದೇನೆ."

ನಲವತ್ತು ನಿಮಿಷ. ಬಿದ್ದಿದ್ದಾಳೆ ಅಂದುಕೊಂಡೆ. ನೆಲದ ಮೇಲೆ ಉರುಳಿದ್ದಾಳೆ. ನನ್ನ ಕಾಲು ಆಗ ಓಡಿತು. ಖುರಾನಾ ಏನೋ ಕೂಗಿದ. ಬಾಗಿಲಿನ ಚಿಲಕ ಅಂಗೈ ಸುಟ್ಟಿತು. ಎಳೆದೆ.

ಅಕ್ಕ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು. ಮುಖ ಕೆಂಪಾಗಿ ಉಬ್ಬಿತ್ತು. ಕೂದಲು ಹಣೆಗೆ ಅಂಟಿತ್ತು. ಡಬ್ಬಿಯ ಕಟ್ಟು ಬಿಚ್ಚಿರಲಿಲ್ಲ. ಕಟ್ಟಿದ ಸುತಳಿ ಹಾಗೇ ಇತ್ತು. ಕಣ್ಣು ತೆರೆದಿತ್ತು. ಆ ಕಣ್ಣು ನನ್ನನ್ನು ದಾಟಿ ಹಿಂದೆ ನಿಂತ ಖುರಾನಾನನ್ನು, ಪುಸ್ತಕ ಹಿಡಿದ ಗೋಪಿನಾಥ ಸಾರನ್ನು ನೋಡಿತು. ಆಮೇಲೆ ನನ್ನ ಕಡೆಗೆ ತಿರುಗಿತು.

"ಬಾಗಲಾ ಹಾಕೋ," ಅಂದಳು. "ಎರಡು ತಾಸು ಇನ್ನಾ ಆಗಿಲ್ಲ."

ನಾನು ಬಾಗಿಲು ಹಾಕಿದೆ.